ರೇಡಿಯೋ ರಿಪೇರಿಯವನ ಬೇಸ್ ಗಿಟಾರು

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಅಮೆರಿಕದಲ್ಲಿ ನೃತ್ಯದ ವಾದ್ಯಗೋಷ್ಠಿಗಳು ಊರಿಂದೂರಿಗೆ ಕಾರಿನಲ್ಲಿ ತಿರುಗುತ್ತಿದ್ದವು. ಕಹಳೆಯವರು, ಗಿಟಾರಿನವರು, ಹಾಡುವವರು ಎಲ್ಲರೂ ಒಳಗೆ. ಡಬಲ್ ಬೇಸ್ ಮಾತ್ರ ಕಾರಿನ ನೆತ್ತಿಯ ಮೇಲೆ, ಹಗ್ಗ ಬಿಗಿಸಿಕೊಂಡು. ಆಳೆತ್ತರದ ಆ ವಾದ್ಯ ಮಳೆಗೆ ಉಬ್ಬುತ್ತಿತ್ತು, ಬಿಸಿಲಿಗೆ ಬಿರುಕು ಬಿಡುತ್ತಿತ್ತು. ಇಷ್ಟೆಲ್ಲ ಪಾಡುಪಟ್ಟು ವೇದಿಕೆ ಹತ್ತಿಸಿದರೂ ಡ್ರಮ್ಮು, ಕಹಳೆಗಳ ಅಬ್ಬರದಲ್ಲಿ ಅದರ ದನಿ ಯಾರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಗಿಟಾರಿಗೆ ಆ ಹೊತ್ತಿಗಾಗಲೇ ಕರೆಂಟು ಬಂದಿತ್ತು. ಬೇಸಿನವನು ಮಾತ್ರ ಬೆರಳು ಬೊಬ್ಬೆ ಬರುವ ಹಾಗೆ ತಂತಿ ಎಳೆಯುತ್ತ ಮೂಲೆಯಲ್ಲಿ ನಿಂತಿರುತ್ತಿದ್ದ.

ಈ ಕಷ್ಟಕ್ಕೆ ಮದ್ದು ಹುಡುಕಿದವನು ಸಂಗೀತಗಾರನಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ 1938ರಿಂದ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಲಿಯೋ ಫೆಂಡರ್. 1909ರಲ್ಲಿ ಹುಟ್ಟಿದವ, ಓದಿದ್ದು ಲೆಕ್ಕಪತ್ರ, ಬಾಲ್ಯದಲ್ಲೇ ಒಂದು ಕಣ್ಣು ಕಳೆದುಕೊಂಡಿದ್ದ. ಗಿಟಾರು ನುಡಿಸಲು ಅವನಿಗೆ ಬರುತ್ತಿರಲಿಲ್ಲ. ಆದರೆ ಕೆಟ್ಟುಹೋದ ಆಂಪ್ಲಿಫೈಯರ್ ಹೊತ್ತು ಅಂಗಡಿಗೆ ಬರುತ್ತಿದ್ದ ವಾದಕರ ಗೋಳು ಕೇಳಿ ಕೇಳಿ, ಯಾವುದು ಎಲ್ಲಿ ಒಡೆಯುತ್ತದೆ, ಯಾವುದನ್ನು ಸುಲಭವಾಗಿ ಬಿಚ್ಚಿ ಜೋಡಿಸಬಹುದು ಎಂಬುದು ಚೆನ್ನಾಗಿ ಗೊತ್ತಿತ್ತು. ಟೊಳ್ಳು ಡಬ್ಬಿಯಿಲ್ಲದ, ಇಡೀ ಹಲಗೆಯ ಗಿಟಾರನ್ನು 1950ರಲ್ಲಿ ಮಾರುಕಟ್ಟೆಗೆ ಬಿಟ್ಟಿದ್ದ. ಅದೇ ಮುಂದೆ ಟೆಲಿಕ್ಯಾಸ್ಟರ್ ಎಂದು ಹೆಸರಾಯಿತು. ಮರುವರ್ಷ, 1951ರ ಕೊನೆಯಲ್ಲಿ, ಅದೇ ತಂತ್ರವನ್ನು ಬೇಸಿಗೂ ಹೂಡಿದ.

ಅವನಿಗಿಂತ ಮೊದಲು ಯಾರೂ ಯೋಚಿಸಿರಲಿಲ್ಲ ಎಂದಲ್ಲ. ಸಿಯಾಟಲ್‌ನ ಪಾಲ್ ಟುಟ್‌ಮಾರ್ಕ್ ಎಂಬಾತ 1930ರ ದಶಕದಲ್ಲೇ 'ಆಡಿಯೋವಾಕ್ಸ್ 736' ಎಂಬ ಪುಟ್ಟ ವಿದ್ಯುತ್ ಬೇಸನ್ನು ಮಾಡಿದ್ದ. ಅಡ್ಡಲಾಗಿ ಹಿಡಿದು ನುಡಿಸುವಂಥದ್ದು, ಮೆಟ್ಟಿಲುಗಳಿದ್ದದ್ದು, ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಪಿಕಪ್ ಒಂದೇ. ತಾಂತ್ರಿಕವಾಗಿ ನೋಡಿದರೆ ಬೇಸ್ ಗಿಟಾರಿನ ಕಲ್ಪನೆ ಅಲ್ಲಿಗೇ ಪೂರ್ತಿಯಾಗಿತ್ತು. ಆದರೆ ಅದನ್ನು ಕೊಳ್ಳುವವರೂ ಇರಲಿಲ್ಲ, ಅದರ ದನಿಯನ್ನು ತಾಳಬಲ್ಲ ಆಂಪ್ಲಿಫೈಯರೂ ಇರಲಿಲ್ಲ. ಕಾಲಕ್ಕಿಂತ ಹದಿನೈದು ವರ್ಷ ಮೊದಲು ಬಂದ ಸರಕು ಸಿಯಾಟಲ್ ಸುತ್ತಮುತ್ತಲೇ ಮರೆಯಾಯಿತು. ಫೆಂಡರ್ ಬುದ್ಧಿವಂತಿಕೆ ಇರುವುದು ಇಲ್ಲಿ: ಬೇಸಿನ ಬೆನ್ನಿಗೇ, 1952ರಲ್ಲಿ, ಅದಕ್ಕೆಂದೇ 'ಬೇಸ್‌ಮ್ಯಾನ್' ಎಂಬ ಆಂಪ್ಲಿಫೈಯರನ್ನೂ ಮಾರಾಟಕ್ಕಿಟ್ಟ. ವಾದ್ಯ ಒಬ್ಬನಿಂದ, ದನಿಪೆಟ್ಟಿಗೆ ಇನ್ನೊಬ್ಬನಿಂದ ಎಂದು ವಾದಕ ಅಲೆಯಬೇಕಾಗಲಿಲ್ಲ.

ಆ ಬೇಸಿಗೆ ಪ್ರಿಸಿಷನ್ ಬೇಸ್ ಎಂದು ಹೆಸರು. ಡಬಲ್ ಬೇಸಿನ ಬೋಳು ಕೈಹಲಗೆಯ ಮೇಲೆ ಸ್ವರದ ಜಾಗವನ್ನು ಕಿವಿಯಿಂದಲೇ ಹುಡುಕಬೇಕು. ಇದರಲ್ಲಿ ವೀಣೆಗಿರುವಂತೆ ಲೋಹದ ಮೆಟ್ಟಿಲುಗಳು, ಒಟ್ಟು 20. ಬೆರಳು ಮೆಟ್ಟಿಲ ಹಿಂದೆ ಬಿದ್ದರಾಯಿತು, ಸ್ವರ ಜಾರುವುದಿಲ್ಲ. ತಂತಿಯ ಉದ್ದ 34 ಅಂಗುಲ. ಡಬಲ್ ಬೇಸಿನಲ್ಲಿ ಅದು ಸುಮಾರು 42. ಈ 34 ಎಂಬ ಅಳತೆ ಎಷ್ಟು ಸರಿಯಾಗಿ ಕೂತಿತೆಂದರೆ ಎಪ್ಪತ್ತು ವರ್ಷ ದಾಟಿದರೂ ಲೋಕದ ಬಹುಪಾಲು ಬೇಸುಗಳು ಅದನ್ನೇ ಪಾಲಿಸುತ್ತಿವೆ.

ಉಳಿದದ್ದೆಲ್ಲ ಜಿಪುಣ ಲೆಕ್ಕಾಚಾರ. ಆಶ್ ಮರದ ಚಪ್ಪಟೆ ಹಲಗೆ, ಅದಕ್ಕೆ ಸ್ಕ್ರೂ ಹಾಕಿ ಬಿಗಿದ ಮೇಪಲ್ ಮರದ ಕತ್ತು. ಕತ್ತು ಸೊಟ್ಟಗಾದರೆ ಬಿಚ್ಚಿ ಬೇರೆಯದನ್ನು ಹಾಕಬಹುದು. ನಾಲ್ಕು ತಂತಿಗೆ ಎರಡೇ ಕುದುರೆ, ಒಂದೊಂದರ ಮೇಲೆ ಎರಡೆರಡು ತಂತಿ. ಎರಡು ಗುಂಡಿ: ಒಂದು ದನಿಯ ಜೋರಿಗೆ, ಇನ್ನೊಂದು ಮೊನಚಿಗೆ. ಆ ಎರಡನೆಯ ಗುಂಡಿ ದನಿಗೆ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. ಒಂದು ಕೆಪಾಸಿಟರಿನ ಮೂಲಕ ಮೇಲಿನ ಕಂಪನಗಳನ್ನು ನೆಲಕ್ಕೆ ಹರಿಸಿಬಿಡುತ್ತದೆ, ಅಷ್ಟೇ. ಬ್ಯಾಟರಿ ಇಲ್ಲ. ಒಳಗೆ ನಾಲ್ಕಾರು ಬೆಸುಗೆ. ಮತ್ತು ತಂತಿಗಳ ಕೆಳಗೆ, ಸರಿಸುಮಾರು ನಡುವೆ, ಒಂದೇ ಒಂದು ಪಿಕಪ್.

ಆ ಪಿಕಪ್ ಎಂದರೆ ನಾಲ್ಕು ತಂತಿಗೆ ನಾಲ್ಕು ಅಯಸ್ಕಾಂತದ ಕಡ್ಡಿ, ಅವುಗಳ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ಅಲುಗಾಡಿದರೆ ಅಯಸ್ಕಾಂತ ಕ್ಷೇತ್ರ ಕದಲಿ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಫ್ಯಾರಡೆ ಹೆಸರಿನಲ್ಲಿ ಬರುವ ಪಾಠವೇ ಇದು. ಸ್ವಾರಸ್ಯ ಇರುವುದು ಪಿಕಪ್ ಕೂರುವ ಜಾಗದಲ್ಲಿ. ತಂತಿಯೊಂದು ಮಿಡಿದಾಗ ಮೂಲಸ್ವರದ ಜತೆ ಹತ್ತಾರು ಉಪಸ್ವರಗಳೂ ಏಳುತ್ತವೆ, ಪ್ರತಿಯೊಂದಕ್ಕೂ ತಂತಿಯ ಮೇಲೆ ಅಲುಗಾಡದ ಗಂಟುಗಳಿರುತ್ತವೆ. ಪಿಕಪ್ಪಿನ ನೆತ್ತಿಯ ಮೇಲೆ ಯಾವ ಉಪಸ್ವರದ ಗಂಟು ಬೀಳುತ್ತದೋ ಅದು ಕೇಳಿಸುವುದೇ ಇಲ್ಲ. ಕತ್ತಿನ ಬಳಿ ಪಿಕಪ್ ಇಟ್ಟರೆ ದುಂಡಾದ, ತುಸು ಮಂಕಾದ ದನಿ. ಕುದುರೆಯ ಬಳಿ ಇಟ್ಟರೆ ಗಡುಸು, ತೆಳುವು. ಪಿಕಪ್ ಒಂದೇ ಆದರೆ ಈ ಆಯ್ಕೆ ಕಾರ್ಖಾನೆಯಲ್ಲೇ ಮುಗಿದುಹೋಗುತ್ತದೆ. ಫೆಂಡರ್ ನಡುಜಾಗವನ್ನು ಆರಿಸಿದ. ಎರಡೂ ಗುಣ ಅಷ್ಟಷ್ಟು ಸಿಗುವ ಆ ಜಾಗವೇ ಮುಂದಿನ ಇಪ್ಪತ್ತು ವರ್ಷಗಳ ಜನಪ್ರಿಯ ಸಂಗೀತದ ತಳದ ದನಿಯನ್ನು ತೀರ್ಮಾನಿಸಿತು. ತಾನು ಅಂಥ ದೊಡ್ಡ ತೀರ್ಮಾನ ಮಾಡುತ್ತಿದ್ದೇನೆಂಬ ಭ್ರಮೆ ಅವನಿಗೆ ಇದ್ದಂತೆ ಕಾಣುವುದಿಲ್ಲ. ಗಟ್ಟಿಮುಟ್ಟಾಗಿರಬೇಕು, ಅಗ್ಗವಾಗಿರಬೇಕು, ಕಾರಿನೊಳಗೆ ಹಿಡಿಸಬೇಕು ಎಂಬುದಷ್ಟೇ ಅವನ ಚಿಂತೆ.

ವಾದಕರು ಮೊದಲು ಮೂಗು ಮುರಿದರು. ಜಾಝ್ ವಲಯದಲ್ಲಿ ಇದು ಆಟಿಕೆಯಂತೆ ಕಂಡಿತು. ಅದಕ್ಕೆ ಮರ್ಯಾದೆ ತಂದುಕೊಟ್ಟವನು ವೈಬ್ರಫೋನ್ ವಾದಕ ಲಯೊನೆಲ್ ಹ್ಯಾಂಪ್ಟನ್. ಅವನ ವಾದ್ಯಗೋಷ್ಠಿಯಲ್ಲಿ ರಾಯ್ ಜಾನ್ಸನ್ ಈ ಬೇಸನ್ನು ನುಡಿಸುತ್ತಿದ್ದುದು 1952ರ ಜುಲೈನಲ್ಲೇ 'ಡೌನ್‌ಬೀಟ್' ಪತ್ರಿಕೆಯಲ್ಲಿ ಸುದ್ದಿಯಾಯಿತು. ಅವನ ನಂತರ ಬಂದವನು ಮಾಂಕ್ ಮಾಂಟ್‌ಗೊಮರಿ, ಹೆಸರಾಂತ ಗಿಟಾರ್ ವಾದಕ ವೆಸ್ ಮಾಂಟ್‌ಗೊಮರಿಯ ಅಣ್ಣ. ಡಬಲ್ ಬೇಸ್ ಬಿಟ್ಟು ಇದನ್ನು ಹಿಡಿಯಲು ಆತನಿಗೂ ಮನಸ್ಸಿರಲಿಲ್ಲ. ಯಜಮಾನ ಹೇಳಿದ್ದರಿಂದ ಹಿಡಿದ, ಆಮೇಲೆ ಬಿಡಲಿಲ್ಲ. 1953ರಲ್ಲಿ ಆರ್ಟ್ ಫಾರ್ಮರ್ ತಂಡದ ಜತೆ ಆತ ನುಡಿಸಿದ ಧ್ವನಿಮುದ್ರಣ ವಿದ್ಯುತ್ ಬೇಸಿನ ತೀರಾ ಮೊದಲಿನವುಗಳಲ್ಲಿ ಒಂದು. ಅದೇ ವರ್ಷ ಹ್ಯಾಂಪ್ಟನ್ ತಂಡ ಯುರೋಪಿಗೆ ಹೋದಾಗ ವಾದ್ಯವೂ ಜತೆಗೆ ಸಾಗರ ದಾಟಿತು. ಕೆಲವೇ ವರ್ಷಗಳಲ್ಲಿ ಸ್ಟುಡಿಯೋಗಳ ಕೂಲಿಪಟ್ಟಿಯಲ್ಲಿ 'ಫೆಂಡರ್ ಬೇಸ್' ಎಂದೇ ಬರೆಯುವ ರೂಢಿ ಬಿತ್ತು. ಯಾವ ಕಂಪನಿಯ ಬೇಸ್ ತಂದರೂ ಅದೇ ಹೆಸರು.

ರಾಕ್ ಅಂಡ್ ರೋಲ್ ಕಡೆಗೆ ಇದು ಬಂದ ಬಗೆ ಇನ್ನೂ ತಮಾಷೆಯದು. ಎಲ್ವಿಸ್ ಪ್ರೀಸ್ಲಿಯ ಬೇಸಿಗ ಬಿಲ್ ಬ್ಲ್ಯಾಕ್ ಡಬಲ್ ಬೇಸಿನ ಮೇಲೆ ಕೂತು ಕುಣಿದು ಜನರನ್ನು ನಗಿಸುತ್ತಿದ್ದವ. 1957ರಲ್ಲಿ 'ಜೈಲ್‌ಹೌಸ್ ರಾಕ್' ಚಿತ್ರದ ಹಾಡೊಂದನ್ನು ಮುದ್ರಿಸುವಾಗ ಅವನ ಕೈಗೆ ಹೊಸ ಪ್ರಿಸಿಷನ್ ಬಂದಿತ್ತು. ಹಾಡಿನ ಆರಂಭದ ತುಣುಕು ಎಷ್ಟು ಸಲ ಮಾಡಿದರೂ ಕೂರಲಿಲ್ಲ. ರೇಗಿದ ಬ್ಲ್ಯಾಕ್ ವಾದ್ಯವನ್ನು ನೆಲಕ್ಕೆಸೆದು ಹೊರನಡೆದನಂತೆ. ಎಲ್ವಿಸ್ ಅದನ್ನೆತ್ತಿಕೊಂಡು ತಾನೇ ನುಡಿಸಿದ, ಆ ಮುದ್ರಣವೇ ಉಳಿಯಿತು. ನೆಲಕ್ಕೆಸೆದ ವಾದ್ಯವನ್ನು ಆ ಕ್ಷಣವೇ ಎತ್ತಿ ನುಡಿಸಬಹುದಾಗಿತ್ತು ಎಂಬುದು ಕತೆಯ ಕೊಸರು.

1957ರಲ್ಲೇ ಪ್ರಿಸಿಷನ್ ಈಗಿನ ರೂಪಕ್ಕೆ ಬಂದದ್ದು. ಮೈಯ ಅಂಚುಗಳನ್ನು ದುಂಡಾಗಿಸುವ ಕೆಲಸ 1954ರಲ್ಲೇ ಆಗಿತ್ತು. ಈಗ ತಂತಿಗೊಂದರಂತೆ ನಾಲ್ಕು ಕುದುರೆ ಬಂದವು, ಪಿಕಪ್ ಎರಡು ತುಂಡಾಯಿತು. ದಪ್ಪ ತಂತಿಗಳೆರಡಕ್ಕೆ ಒಂದು ತುಂಡು, ಸಣ್ಣ ತಂತಿಗಳೆರಡಕ್ಕೆ ಇನ್ನೊಂದು, ಹೆಜ್ಜೆ ತಪ್ಪಿಸಿ ಕೂರಿಸಿದಂತೆ ಹಿಂದುಮುಂದು. ನೋಡಲು ಎರಡಾದರೂ ಇದು ಕೆಲಸದಲ್ಲಿ ಒಂದೇ ಪಿಕಪ್. ತುಂಡು ಮಾಡಿದ್ದಕ್ಕೆ ಕಾರಣ ಗುಂಯ್‌ಗುಡುವ ಸದ್ದು. ಅಮೆರಿಕದ ಮನೆಗಳ ವಿದ್ಯುತ್ತು ಸೆಕೆಂಡಿಗೆ 60 ಸಲ ಮಿಡಿಯುತ್ತದೆ. ಬೇಸಿನ ಅತಿ ಕೆಳಗಿನ ಬಿಡಿ ತಂತಿಯ ಕಂಪನ ಸುಮಾರು 41, ಅದರ ಮೇಲಿನದು 55, ಅದರಾಚೆಯದು 73. ಅಂದರೆ ಕರೆಂಟಿನ ಗುಂಯ್‌ಕಾರ ಬೇಸಿನ ಮನೆಯ ನಡುಕೋಣೆಗೇ ಬಂದು ಕೂರುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ತಿರುವುಮುರುವಾಗಿ ಸುತ್ತಿ, ಅಯಸ್ಕಾಂತಗಳನ್ನೂ ತಿರುಗಿಸಿ ಹಾಕಿದರೆ ಎರಡರಲ್ಲೂ ನುಗ್ಗಿದ ಗುಂಯ್‌ಕಾರ ಪರಸ್ಪರ ಹೊಡೆದುಹೋಗುತ್ತದೆ, ತಂತಿಯ ದನಿ ಮಾತ್ರ ಉಳಿಯುತ್ತದೆ. ಜತೆಗೆ ಪ್ರತಿ ತಂತಿಗೂ ಒಂದರ ಬದಲು ಎರಡು ಅಯಸ್ಕಾಂತದ ಕಡ್ಡಿ ಕೊಟ್ಟು, ತಂತಿ ಅವುಗಳ ನಡುವೆ ಹಾಯುವಂತೆ ಮಾಡಿದರು. ಮೀಟಿದ ಕೂಡಲೇ ಬಡಿಯುತ್ತಿದ್ದ ಮೊದಲ ಏಟು ಇದರಿಂದ ಮೆದುವಾಯಿತು. ಸ್ಪೀಕರುಗಳು ಹರಿಯುವುದು ಕಡಿಮೆಯಾಯಿತು ಎಂಬುದು ರಿಪೇರಿಯವನಿಗೆ ಸಂಗೀತಕ್ಕಿಂತ ದೊಡ್ಡ ಸಮಾಧಾನ ತಂದಿರಬೇಕು.

ಉಳಿದ ಕಂಪನಿಗಳೂ ಸುಮ್ಮನೆ ಕೂರಲಿಲ್ಲ. ಗಿಬ್ಸನ್ 1953ರಲ್ಲೇ ಪಿಟೀಲಿನ ಆಕಾರದ ಬೇಸ್ ತಂದಿತು. ಬೇಕೆನಿಸಿದರೆ ತಳದಿಂದ ಕಡ್ಡಿ ಎಳೆದು ಡಬಲ್ ಬೇಸಿನಂತೆ ನಿಲ್ಲಿಸಿಯೂ ನುಡಿಸಬಹುದಿತ್ತು. ಹಳಬರನ್ನು ಓಲೈಸುವ ಉಪಾಯ ಅದು. 1959ರಲ್ಲಿ ಅದೇ ಕಂಪನಿಯ 'ಇಬಿ-0' ಬಂತು. ತಂತಿ ಗಿಡ್ಡ, ಪಿಕಪ್ ಒಂದೇ, ಅದೂ ಕತ್ತಿನ ಬುಡಕ್ಕೇ ಒತ್ತಿಕೊಂಡಂತೆ. ದನಿ ದಪ್ಪ, ಕೆಸರು. ಹೀಗಳೆದವರು ಎಷ್ಟೋ, ಅದೇ ಬೇಕೆಂದು ಹುಡುಕಿಕೊಂಡು ಹೋದವರೂ ಅಷ್ಟೇ. ರಿಕನ್‌ಬ್ಯಾಕರ್ ಕಂಪನಿಯ '4000' 1957ರಲ್ಲಿ ಬಂದದ್ದು; ಅದರ ಒಂಟಿ ಪಿಕಪ್ಪಿನಲ್ಲಿ ಕುದುರೆ ಲಾಳದಂಥ ಅಯಸ್ಕಾಂತ ತಂತಿಗಳ ಮೇಲೆ ಕಮಾನಾಗಿ ನಿಂತಿರುತ್ತಿತ್ತು. ಮೂರೂ ಕಂಪನಿ ಒಂದೊಂದೇ ಪಿಕಪ್ ಹಾಕಿದವು, ಮೂರರ ದನಿಯೂ ಒಂದಕ್ಕೊಂದು ಹೋಲಲಿಲ್ಲ. ಪಿಕಪ್ ಒಂದಾದ ಮಾತ್ರಕ್ಕೆ ದನಿ ಸಪ್ಪೆ ಎಂದು ವಾದಿಸುವವರು ಈ ಮೂರನ್ನು ಒಂದಾದ ಮೇಲೊಂದು ಕೇಳಬೇಕು.

1960ರಲ್ಲಿ ಫೆಂಡರ್ ತಾನೇ ಎರಡು ಪಿಕಪ್ಪಿನ ಜಾಝ್ ಬೇಸ್ ಮಾಡಿತು. ಕತ್ತು ಸಣ್ಣ, ನೋಟ ನಾಜೂಕು, ಬೆಲೆ ಹೆಚ್ಚು. ಎರಡು ಪಿಕಪ್ಪುಗಳನ್ನು ಬೇಕಾದ ಹಾಗೆ ಬೆರೆಸಿ ದನಿ ಬದಲಿಸಬಹುದು. ಎರಡನ್ನೂ ಒಟ್ಟಿಗೆ ತೆರೆದಾಗ ಕೆಲವು ಕಂಪನಗಳು ಒಂದನ್ನೊಂದು ಕಡಿದುಕೊಂಡು ನಡುವಿನ ದನಿ ತುಸು ಒಳಸರಿಯುತ್ತದೆ. ಒಂಟಿಯಾಗಿ ನುಡಿಸುವಾಗ ಈ ದನಿ ಸೊಗಸು. ಹತ್ತು ವಾದ್ಯಗಳ ನಡುವೆ ಬಂದಾಗ ಹಾಗೆ ಒಳಸರಿದ ಭಾಗವೇ ಬೇಕಾಗಿತ್ತು ಎನಿಸುವುದುಂಟು. ಹೊಸದು ಬಂದರೂ ಹಳೆಯ ಪ್ರಿಸಿಷನ್ ಮಾರಾಟ ನಿಲ್ಲದೇ ಹೋದದ್ದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ಡೆಟ್ರಾಯ್ಟ್‌ನ ಒಂದು ಮನೆಯಲ್ಲಿತ್ತು.

ವೆಸ್ಟ್ ಗ್ರ್ಯಾಂಡ್ ಬೂಲವಾರ್ಡ್ ರಸ್ತೆಯ 2648ನೇ ನಂಬರಿನ ಆ ಮನೆಯೇ ಮೋಟೌನ್ ಕಂಪನಿಯ ಸ್ಟುಡಿಯೋ. ಅಲ್ಲಿ ದಿನಗೂಲಿಗೆ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ 1936ರಲ್ಲಿ ದಕ್ಷಿಣ ಕ್ಯಾರೊಲಿನಾದ ಎಡಿಸ್ಟೊ ದ್ವೀಪದಲ್ಲಿ ಹುಟ್ಟಿದವ, ಕಲಿತದ್ದು ಡಬಲ್ ಬೇಸ್. ಅರವತ್ತರ ದಶಕದ ಆರಂಭದಲ್ಲಿ ಪ್ರಿಸಿಷನ್ ಹಿಡಿದ. ಒಂದಾದ ಮೇಲೊಂದು ಕಳವಾಗಿ ಕೊನೆಗೆ ಅವನ ಬಳಿ ಉಳಿದದ್ದು 1962ರ ಒಂದು ಬೇಸ್. ಡಬಲ್ ಬೇಸಿನ ಅಭ್ಯಾಸವನ್ನು ಅವನು ಇದಕ್ಕೂ ತಂದ. ಬಲಗೈಯ ತೋರುಬೆರಳೊಂದರಿಂದಲೇ ಮೀಟುವುದು. ಲಾ ಬೆಲ್ಲಾ ಕಂಪನಿಯ ಅತಿ ದಪ್ಪನೆಯ ತಂತಿ, ಕೈಹಲಗೆಯಿಂದ ತಂತಿ ಎಷ್ಟು ಎತ್ತರದಲ್ಲಿತ್ತೆಂದರೆ ಬೇರೆಯವರಿಗೆ ಒತ್ತಲೇ ಆಗುತ್ತಿರಲಿಲ್ಲ. ತಂತಿ ಹರಿಯದ ಹೊರತು ಬದಲಿಸುತ್ತಿರಲಿಲ್ಲ. ಕೊಳೆ ಕೂತ ತಂತಿಯಲ್ಲೇ ಸ್ವಾರಸ್ಯ ಎಂಬುದು ಅವನ ನಂಬಿಕೆ. ಕುದುರೆಯ ಮೇಲಿನ ಲೋಹದ ಮುಚ್ಚಳದಡಿ ಒಂದು ತುಂಡು ಸ್ಪಂಜು. ಅದು ಸ್ವರದ ಬಾಲವನ್ನು ಕತ್ತರಿಸಿ, ಪ್ರತಿ ಮಿಡಿತವೂ ಡ್ರಮ್ಮಿನ ಏಟಿನಂತೆ ಬಂದು ನಿಲ್ಲುವಂತೆ ಮಾಡುತ್ತಿತ್ತು. ಸ್ಟುಡಿಯೋದಲ್ಲಿ ವಾದ್ಯದ ಕೇಬಲ್ ನೇರವಾಗಿ ಮುದ್ರಣದ ಮೇಜಿಗೇ ಹೋಗುತ್ತಿತ್ತು.

ಇಂಥ ಹತ್ಯಾರದಿಂದ ಅವನು ಹೊರಡಿಸಿದ್ದನ್ನು ಕೇಳಿದರೆ ಸರಳ ವಾದ್ಯ ಎಂಬ ಮಾತು ಬೇರೆಯದೇ ಅರ್ಥ ಪಡೆಯುತ್ತದೆ. ಫೋರ್ ಟಾಪ್ಸ್ ತಂಡದ 1967ರ 'ಬರ್ನಡೆಟ್', ಸ್ಟೀವಿ ವಂಡರ್ 1968ರಲ್ಲಿ ಹಾಡಿದ 'ಫಾರ್ ಒನ್ಸ್ ಇನ್ ಮೈ ಲೈಫ್' ಹಾಡುಗಳಲ್ಲಿ ಬೇಸ್ ಹಿಂದೆ ನಿಂತು ತಾಳ ಹಾಕುವ ಕೆಲಸ ಬಿಟ್ಟು ಹಾಡಿನ ಜತೆ ಜಗಳಕ್ಕಿಳಿಯುತ್ತದೆ, ಸಮಾಧಾನ ಮಾಡುತ್ತದೆ, ತಾನೇ ಒಂದು ರಾಗ ಕಟ್ಟುತ್ತದೆ. ಪಿಕಪ್ಪುಗಳನ್ನು ಬೆರೆಸಿ ದನಿ ಬದಲಿಸುವ ಸೌಲಭ್ಯ ಅವನಿಗಿರಲಿಲ್ಲ, ಅದರ ಅಗತ್ಯವೂ ಬಿದ್ದಂತಿಲ್ಲ. ಬೆರಳನ್ನು ಕತ್ತಿನ ಕಡೆ ಸರಿಸಿದರೆ ಒಂದು ಬಣ್ಣ, ಕುದುರೆಯ ಕಡೆ ಸರಿಸಿದರೆ ಇನ್ನೊಂದು. ಮೆಲ್ಲಗೆ ಒತ್ತಿದರೆ ಮೂರನೆಯದು. ಪಿಕಪ್ ಕದಲದೆ ಒಂದೆಡೆ ಕೂತಿರುವುದರಿಂದ ಕೈಯ ಪ್ರತಿ ಬದಲಾವಣೆಯೂ ಕಿವಿಗೆ ಬೀಳುತ್ತದೆ.

ಮೋಟೌನ್ ತನ್ನ ವಾದಕರ ಹೆಸರನ್ನು ತಟ್ಟೆಗಳ ಮೇಲೆ ಅಚ್ಚು ಹಾಕುತ್ತಿರಲಿಲ್ಲ. ಜಗತ್ತಿನ ಅರ್ಧ ಜನ ಜೇಮರ್ಸನ್ ಬೇಸಿಗೆ ಕುಣಿದರೂ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಹೊರಬಂದಾಗಲಷ್ಟೇ ಹೊದಿಕೆಯ ಮೇಲೆ ಹೆಸರು ಕಂಡಿತು. ಆ ಹಾಡಿಗೆ ಜೇಮರ್ಸನ್ನೇ ಬೇಕೆಂದು ಗೇ ಕ್ಲಬ್ಬಿನಿಂದ ಕರೆತಂದರು, ಕುಡಿದು ಕೂರಲಾಗದೆ ಆತ ನೆಲದ ಮೇಲೆ ಮಲಗಿಯೇ ನುಡಿಸಿದ ಎಂಬ ಕತೆ ಪ್ರಸಿದ್ಧ. ಕಂಪನಿ 1972ರಲ್ಲಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು. ಹಿಂದೆಯೇ ಹೋದ ಜೇಮರ್ಸನ್‌ಗೆ ಅಲ್ಲಿ ಮೊದಲಿನ ನೆಲೆ ಸಿಗಲಿಲ್ಲ. 1983ರ ಆಗಸ್ಟ್ 2ರಂದು ತೀರಿಕೊಂಡ, 47 ವರ್ಷ. ಸಾಯುವ ಕೆಲವು ದಿನ ಮೊದಲು ಆ 1962ರ ಬೇಸೂ ಕಳವಾಗಿತ್ತು. ಸ್ವರಲಿಪಿಯ ಸಮೇತ ಅವನ ಜೀವನಚರಿತ್ರೆ ಬಂದದ್ದು 1989ರಲ್ಲಿ, ಸಾಕ್ಷ್ಯಚಿತ್ರ 2002ರಲ್ಲಿ. ಸಂಗೀತದ ಚರಿತ್ರೆ ತನ್ನ ಕೂಲಿಕಾರರಿಗೆ ಬಾಕಿ ತೀರಿಸುವ ವೇಗ ಇದು.

ಮೆಂಫಿಸ್‌ನಲ್ಲಿ ಹಳೆಯ ಟಾಕೀಸೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದ ಸ್ಟ್ಯಾಕ್ಸ್ ಕಂಪನಿಯಲ್ಲಿ ಡೊನಾಲ್ಡ್ 'ಡಕ್' ಡನ್ ಕೈಯಲ್ಲೂ ಪ್ರಿಸಿಷನ್ನೇ. ಆದರೆ ಜೇಮರ್ಸನ್ ಹತ್ತು ಸ್ವರ ನುಡಿಸುವ ಕಡೆ ಡನ್ ಮೂರು ನುಡಿಸಿ ಸುಮ್ಮನಾಗುತ್ತಿದ್ದ. ಓಟಿಸ್ ರೆಡಿಂಗ್ ಹಾಡುಗಳ ಗಾಂಭೀರ್ಯದಲ್ಲಿ ಆ ಮೌನದ ಪಾಲೂ ಇದೆ. ಲಾಸ್ ಏಂಜಲೀಸ್‌ನ ಕ್ಯಾರಲ್ ಕೇ ಮೂಲತಃ ಗಿಟಾರ್ ವಾದಕಿ. 1963ರಲ್ಲಿ ಒಂದು ಮುದ್ರಣಕ್ಕೆ ಬೇಸಿನವನು ಕೈಕೊಟ್ಟಾಗ ಅಲ್ಲಿದ್ದ ಫೆಂಡರನ್ನು ಎತ್ತಿಕೊಂಡವರು ಅದರಲ್ಲೇ ಹೆಸರು ಮಾಡಿದರು. ಬೆರಳಲ್ಲ, ಪಿಕ್ಕಿನಿಂದ ಮೀಟುವುದು. ತಂತಿಯ ಮೇಲೆ ಫೆಲ್ಟ್ ಬಟ್ಟೆಯ ತುಂಡು. ಬೀಚ್ ಬಾಯ್ಸ್ ತಂಡದ 1966ರ 'ಪೆಟ್ ಸೌಂಡ್ಸ್' ತಟ್ಟೆಯ ಹಲವು ಹಾಡುಗಳಲ್ಲಿ ಕೇಳುವ ಚುರುಕು ಬೇಸ್ ಅವರದು. ಮೋಟೌನ್‌ನ ಕೆಲವು ಹಾಡುಗಳಲ್ಲಿ ನುಡಿಸಿದ್ದು ಜೇಮರ್ಸನ್ನೋ ಕೇಯೋ ಎಂಬ ತಕರಾರು ಇಂದಿಗೂ ಮುಗಿದಿಲ್ಲ. ಮೂರು ಊರು, ಮೂರು ಕೈ, ಪಿಕಪ್ ಒಂದೇ ಕಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಗೆ ಈ ವಾದ್ಯದ ಮೇಲೆ ಅವಕಾಶವೇ ಇಲ್ಲ.

ಹಳೆಯ ಪ್ರಿಸಿಷನ್ನುಗಳನ್ನು ಹತ್ತಿರದಿಂದ ನೋಡಿದರೆ ಸಣ್ಣ ತಂತಿಯ ಕೆಳಗೆ ಒಂದು ಮರದ ಪಟ್ಟಿ ಕಾಣುತ್ತದೆ. ವಾದಕ ನಾಲ್ಕು ಬೆರಳನ್ನು ಅದಕ್ಕೆ ಆನಿಸಿ ಹೆಬ್ಬೆರಳಿನಿಂದ ನುಡಿಸುತ್ತಾನೆ ಎಂದು ಫೆಂಡರ್ ಊಹಿಸಿದ್ದ. ಬಹುತೇಕ ಯಾರೂ ಹಾಗೆ ನುಡಿಸಲಿಲ್ಲ. ಕಂಪನಿ ಆ ಪಟ್ಟಿಯನ್ನು ಮೇಲ್ಗಡೆಗೆ ಸರಿಸಿದ್ದು ಎಪ್ಪತ್ತರ ದಶಕದಲ್ಲಿ. ತಯಾರಕನ ಕಲ್ಪನೆ ಒಂದು, ವಾದಕರ ರೂಢಿ ಇನ್ನೊಂದು. ತಂತಿಯ ವಿಷಯದಲ್ಲೂ ಹಾಗೆಯೇ ಆಯಿತು. ಆರಂಭದ ತಂತಿಗಳು ಚಪ್ಪಟೆ ಸುತ್ತಿನವು, ನುಣುಪಾದವು. 1966ರ ಸುಮಾರಿಗೆ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ 'ದಿ ಹೂ' ತಂಡದ ಜಾನ್ ಎಂಟ್ವಿಸಲ್ ಜತೆ ಸೇರಿ ದುಂಡು ಸುತ್ತಿನ ತಂತಿಗಳನ್ನು ಹದಗೊಳಿಸಿತು. ಪಿಯಾನೋದಂತೆ ಖಣಿಲೆನ್ನುವ ದನಿ ಅವುಗಳದು. ಎಪ್ಪತ್ತರ ರಾಕ್ ಸಂಗೀತ ಅದಕ್ಕೇ ಒಲಿಯಿತು. ಹೀಗೆ ವಾದ್ಯ ಬದಲಾಗದೆಯೇ ಅದರ ದನಿ ಬದಲಾಯಿತು.

1965ರ ಜನವರಿಯಲ್ಲಿ ಲಿಯೋ ಫೆಂಡರ್ ತನ್ನ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಸಿಬಿಎಸ್ ಸಂಸ್ಥೆಗೆ ಮಾರಿದ. ಸಂಗ್ರಹಕಾರರ ಪಂಚಾಂಗ ಶುರುವಾಗುವುದೇ ಅಲ್ಲಿಂದ: ಅದಕ್ಕೆ ಹಿಂದಿನದೆಲ್ಲ ಚಿನ್ನ, ಮುಂದಿನದು ತಗಡು. ಇದರಲ್ಲಿ ಅರ್ಧ ಸತ್ಯ, ಅರ್ಧ ದಲ್ಲಾಳಿಗಳ ಕರಾಮತ್ತು. ಕಾರ್ಖಾನೆ ದೊಡ್ಡದಾದ ಮೇಲೆ ಕೆಲಸದ ನಯ ಇಳಿದದ್ದು ನಿಜ, ಹಳೆಯ ಕಾಲದಲ್ಲೂ ಕಳಪೆ ಸರಕು ಬಂದದ್ದೂ ನಿಜ. ಪಿಕಪ್ಪಿನ ಸುತ್ತುಗಳನ್ನು ಎಣಿಸುವುದರಲ್ಲೇ ಆಗ ಅಷ್ಟು ನಿಖರತೆ ಇರಲಿಲ್ಲ, ಒಂದರಂತೆ ಇನ್ನೊಂದಿಲ್ಲ. ಸಿಬಿಎಸ್‌ಗೂ ಹಳೆಯದರ ಬೆಲೆ ಬೇಗನೇ ಅರ್ಥವಾಯಿತು. 1968ರಲ್ಲಿ ಟೆಲಿಕ್ಯಾಸ್ಟರ್ ಬೇಸ್ ಎಂಬ ಹೆಸರಿನಲ್ಲಿ 1951ರ ರೂಪವನ್ನೇ ಮತ್ತೆ ಮಾರಿತು. 1982ರಲ್ಲಿ 1957 ಮತ್ತು 1962ರ ಮಾದರಿಗಳನ್ನು ಮತ್ತೆ ಅಚ್ಚುಹಾಕಿ ತಂದಿತು.

ಲಿಯೋ ಮಾತ್ರ ಹಳೆಯದರ ಮೋಹಕ್ಕೆ ಬಿದ್ದವನಲ್ಲ. 1976ರಲ್ಲಿ ಮ್ಯೂಸಿಕ್ ಮ್ಯಾನ್ ಎಂಬ ಹೊಸ ಕಂಪನಿಯಿಂದ ಸ್ಟಿಂಗ್‌ರೇ ಬೇಸ್ ತಂದ. ಈ ಸಲ ಒಳಗೆ ಬ್ಯಾಟರಿಯಿಂದ ನಡೆಯುವ ಮಂಡಲವಿತ್ತು, ದನಿಯನ್ನು ತಗ್ಗಿಸುವುದಷ್ಟೇ ಅಲ್ಲ, ಎತ್ತಲೂ ಬರುತ್ತಿತ್ತು. ಆದರೂ ಪಿಕಪ್ ಒಂದೇ, ಈ ಬಾರಿ ಕುದುರೆಯ ಹತ್ತಿರಕ್ಕೆ. ಕಾಲು ಶತಮಾನ ಕಳೆದರೂ ಜಾಗ ಒಂದನ್ನು ಆರಿಸಿ ಅಲ್ಲೇ ನಿಲ್ಲುವ ಸ್ವಭಾವ ಬಿಡಲಿಲ್ಲ. ಶೀಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್ 1979ರ 'ಗುಡ್ ಟೈಮ್ಸ್' ಹಾಡಿಗೆ ನುಡಿಸಿದ ಬೇಸ್ ಆ ಸ್ಟಿಂಗ್‌ರೇಯದು. ಅದರ ಮೇಲೆ ಮುಂದೆ ರ್‍ಯಾಪ್ ಸಂಗೀತದ ಮೊದಲ ಜನಪ್ರಿಯ ಹಾಡುಗಳಲ್ಲೊಂದು ಕಟ್ಟಿಕೊಂಡಿತು.

ಪ್ರಿಸಿಷನ್ ಕೂಡ ಒಂದು ಮನೆಗೇ ಸೀಮಿತವಾಗಲಿಲ್ಲ. ಹೆವಿ ಮೆಟಲ್ ತಂಡ ಐರನ್ ಮೇಡನ್ನಿನ ಸ್ಟೀವ್ ಹ್ಯಾರಿಸ್ ಅದನ್ನೇ ಕುದುರೆ ಓಟದ ವೇಗದಲ್ಲಿ, ಅದೂ ಚಪ್ಪಟೆ ಸುತ್ತಿನ ತಂತಿ ಹಾಕಿ, ನುಡಿಸುತ್ತ ಬಂದ. ಸ್ಟಿಂಗ್ ಎಂಬ ಗಾಯಕನ ಕೈಯಲ್ಲಿ ಬಣ್ಣವೆಲ್ಲ ಸವೆದ 1950ರ ದಶಕದ ಬೇಸ್. ನಾಲ್ಕು ಕಡ್ಡಿಯ ಹಳೆಯ ಪಿಕಪ್, ಗುಂಯ್‌ಕಾರದ ಸಮೇತ.

ಈ ಕತೆಗೆ ಕರ್ನಾಟಕದ ಕಡೆಯಿಂದ ಒಂದು ನಂಟಿದೆ, ಮರದ ಮೂಲಕ. 1959ರಿಂದ ಪ್ರಿಸಿಷನ್ನಿನ ಕೈಹಲಗೆಗೆ ಮೇಪಲ್ ಬದಲು ಬೀಟೆ ಬಂತು. ಆಗ ಬಳಸುತ್ತಿದ್ದದ್ದು ಬ್ರೆಜಿಲ್‌ನ ಬೀಟೆ. ಅದು ಕಾಡಿನಲ್ಲಿ ಬರಿದಾಗುತ್ತ ಬಂದಂತೆ ಅರವತ್ತರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಗಿಟಾರ್ ಕಾರ್ಖಾನೆಗಳು ಭಾರತದ ಬೀಟೆಯತ್ತ ತಿರುಗಿದವು. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವುದು, ಮೈಸೂರಿನ ಕುಶಲಕರ್ಮಿಗಳು ಕೆತ್ತನೆಯ ಚಿತ್ರಗಳಿಗೆ ಬಳಸುವುದು ಇದೇ ಜಾತಿಯ ಮರ. ಬ್ರೆಜಿಲ್ ಬೀಟೆಯ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ತಡೆ ಬಿತ್ತು. 2017ರಲ್ಲಿ ಬೀಟೆಯ ಇಡೀ ಕುಲವೇ ನಿರ್ಬಂಧದ ಪಟ್ಟಿಗೆ ಸೇರಿ ಗಿಟಾರುಗಳನ್ನು ಮಾರಾಟಕ್ಕೆಂದು ಗಡಿ ದಾಟಿಸುವವರೂ ಕಾಗದಪತ್ರ ತೋರಿಸಬೇಕಾಯಿತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಕನ್ನಡದ ಕಿವಿಗೆ ಬೇಸ್ ಗಿಟಾರು ಬಿದ್ದದ್ದು ಸಿನಿಮಾ ಹಾಡುಗಳಿಂದ. ದಶಕಗಳ ಕಾಲ ಕನ್ನಡದ ಹಾಡುಗಳು ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಣಗೊಳ್ಳುತ್ತಿದ್ದವು. ಇಳಯರಾಜ ಸಂಗೀತದ 1981ರ 'ಗೀತಾ' ಕೇಳಿದವರಿಗೆ ಹಾಡಿನ ಕೆಳಗೆ ಇನ್ನೊಂದು ಹಾಡು ಹರಿಯುತ್ತಿರುವುದು ತಾನಾಗಿ ಗೊತ್ತಾಗುತ್ತದೆ. ಗಣೇಶೋತ್ಸವದ ರಸಮಂಜರಿ ವೇದಿಕೆಗಳಲ್ಲೂ ಒಂದು ಕಾಲಕ್ಕೆ ಬೇಸ್ ಗಿಟಾರಿನವನಿಗೆ ಖಾಯಂ ಜಾಗವಿತ್ತು. ಈಗ ಎಷ್ಟೋ ತಂಡಗಳಲ್ಲಿ ಕೀಬೋರ್ಡಿನವನ ಎಡಗೈ ಆ ಕೆಲಸ ಮುಗಿಸುತ್ತದೆ, ಖರ್ಚು ಉಳಿಯುತ್ತದೆ. ಉಳಿತಾಯ ಕಿವಿಗೂ ಗೊತ್ತಾಗುತ್ತದೆ.

ಫುಲರ್ಟನ್ನಿನ ಹಳೆಯ ಬೇಸುಗಳು ಇಂದು ವಾದಕರಿಗಿಂತ ಹೆಚ್ಚಾಗಿ ಹೂಡಿಕೆದಾರರ ಪಾಲಾಗಿವೆ. ಕೂಲಿಗೆ ನುಡಿಸುವವರ ಕೈಗೆಟುಕಲೆಂದು ಮಾಡಿದ ವಾದ್ಯಕ್ಕೆ ಕಾರಿನ ಬೆಲೆ ಬಂದಿದೆ. ಅದರ ದನಿಯಲ್ಲಿ ವಯಸ್ಸಿನ ಪಾಲೆಷ್ಟು, ಹೆಸರಿನ ಪಾಲೆಷ್ಟು ಎಂದು ಕಣ್ಣುಮುಚ್ಚಿ ಹೇಳಬಲ್ಲವರು ವಿರಳ. ದನಿಯ ಬಹುಪಾಲು ಇರುವುದು ಪಿಕಪ್ಪಿನ ಜಾಗ, ತಂತಿಯ ಬಗೆ, ಬೆರಳಿನ ಒತ್ತು ಈ ಮೂರರಲ್ಲಿ, ಮತ್ತು ಮೂರೂ ಅಗ್ಗಕ್ಕೆ ಸಿಗುತ್ತವೆ. ಹೊಸದಾಗಿ ಕಲಿಯುವವರು ಗಿಟಾರಿನ ಅಂಗಡಿಯಲ್ಲಿ ಸಿಗುವ ಸಾಧಾರಣ ಪ್ರಿಸಿಷನ್ ನಕಲೊಂದನ್ನು ಕೊಂಡು, ಚಪ್ಪಟೆ ಸುತ್ತಿನ ತಂತಿ ಹಾಕಿಸಿ, ಕುದುರೆಯ ಬಳಿ ತಂತಿಗಳಡಿ ಒಂದು ತುಂಡು ಸ್ಪಂಜು ತುರುಕಿ, 'ಬರ್ನಡೆಟ್' ಹಾಡನ್ನು ಹೆಡ್‌ಫೋನಿನಲ್ಲಿ ಹಾಕಿಕೊಂಡು ಕೂತರೆ ಸಾಕು. ತಂತಿಯನ್ನು ಒಂದೆರಡು ವರ್ಷವಾದರೂ ಬದಲಿಸಬೇಡಿ.